ಅರ್ಧ ಸಾಲು ಹಿಂದೆ

“ಗುರುಗಳೇ, ಆರಾಧನೆಗೆ ಹೃದಯವನ್ನು ಸಿದ್ಧಮಾಡಿಕೊಳ್ಳುವುದು ಹೇಗೆ?” ಎಂದು ಯೋವೇಲ ಕೇಳಿದ.

ಅವನು ಕ್ರೈಸ್ತ ಸಭೆಯಲ್ಲಿ ಉಪದೇಶಿಯಾಗಲು ಕಲಿಯುತ್ತಿದ್ದ. ಕಲಿಸುತ್ತಿದ್ದವರು ವೃದ್ಧ ಉಪದೇಶಿ ದೇವಮಿತ್ರರು. ಅಂದು ಶನಿವಾರ. ಸಂಜೆಯ ಪ್ರಾರ್ಥನೆ ಮುಗಿಸಿ ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದರು.

“ಈಗ ಹೇಗೆ ಸಿದ್ಧಮಾಡಿಕೊಳ್ಳುತ್ತೀ?”

“ಬೆಳಗ್ಗೆ ಬೇಗ ಏಳುತ್ತೇನೆ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುತ್ತೇನೆ. ಆಗ ಮನಸ್ಸು ತಿಳಿಯಾಗಿರುತ್ತದೆ. ಆದರೆ ಸಭೆಯ ನಡುವೆ ಹೋಗಿ ಕುಳಿತರೆ ಸಾಕು, ಎಲ್ಲ ಕದಡಿಹೋಗುತ್ತದೆ. ಒಬ್ಬರು ತೂಕಡಿಸುತ್ತಾರೆ. ಒಬ್ಬರು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಯಾರದೋ ಕೂಸು ಅಳುತ್ತದೆ. ಮನೆಯಿಂದ ಕಟ್ಟಿಕೊಂಡು ಹೋದದ್ದನ್ನು ಅಲ್ಲಿ ಕಳೆದುಕೊಂಡು ಬರುತ್ತೇನೆ. ಒಬ್ಬನೇ ಇದ್ದಾಗ ದೇವರು ಹತ್ತಿರ, ಜನರ ನಡುವೆ ದೂರ. ಹೀಗೇಕೆ, ಗುರುಗಳೇ?”

ದೇವಮಿತ್ರರು ಅದಕ್ಕೆ ಒಂದು ಕತೆ ಹೇಳಿದರು.

ಬಂಡೆನೆಲದ ಒಂದು ಊರು. ಅಲ್ಲಿ ಚಿಕ್ಕದೊಂದು ಕ್ರೈಸ್ತ ಸಭೆ. ಆ ಸಭೆಗೆ ಹಾಡು ಹೇಳಿಕೊಡುತ್ತಿದ್ದವಳು ಸುವಾರ್ತಮ್ಮ ಎಂಬ ಹೆಂಗಸು.

ಅವಳ ಕಂಠ ಒಳ್ಳೆಯದು. ಶ್ರದ್ಧೆ ಅದಕ್ಕಿಂತ ದೊಡ್ಡದು. ಯಾರಾದರೂ “ಚೆನ್ನಾಗಿ ಹಾಡಿದೆ” ಎಂದರೆ, “ನಿಮಗಾಗಿ ಹಾಡಿದ್ದಲ್ಲ” ಎಂದು ಮುಖ ತಿರುಗಿಸುತ್ತಿದ್ದಳು. ಅದು ಬಿಂಕವಲ್ಲ, ನಿಜವಾದ ಮಾತು. ಶನಿವಾರ ಹೊತ್ತು ಮುಳುಗಿದ ಮೇಲೆ ಅವಳು ಹರಟೆಗೆ ಕೂರುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಏನೂ ತಿನ್ನದೆ, ಅಂದಿನ ಕೀರ್ತನೆಗಳನ್ನು ಒಬ್ಬಳೇ ಮೆಲ್ಲಗೆ ಹಾಡಿಕೊಂಡು, ಒಂದೊಂದು ಮಾತನ್ನೂ ಪ್ರಾರ್ಥನೆಯಾಗಿಸಿಕೊಂಡು, ಆಮೇಲೆ ಪ್ರಾರ್ಥನಾಲಯಕ್ಕೆ ಹೊರಡುತ್ತಿದ್ದಳು. ದಾರಿಯಲ್ಲಿ ತುಂಬಿದ ಕೊಡ ಹೊತ್ತವಳಂತೆ ನಡೆಯುತ್ತಿದ್ದಳು. ಎಲ್ಲಿ ತುಳುಕೀತೋ ಎಂಬ ಭಯ.

ಅದೇ ಸಭೆಗೆ ಒಬ್ಬ ಮುದುಕ ಬರುತ್ತಿದ್ದ. ಬಾವಿ ತೋಡುವುದು ಅವನ ಕಸುಬು. ಊರವರು ಅವನನ್ನು ಬಾವಿತಾತ ಎನ್ನುತ್ತಿದ್ದರು. ಬಂಡೆಗೆ ಮದ್ದಿಟ್ಟು ಸಿಡಿಸಿ ಸಿಡಿಸಿ ಅವನ ಕಿವಿ ಹೋಗಿತ್ತು. ಕಿವಿಗೇ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳುತ್ತಿತ್ತು. ಇಲ್ಲವಾದರೆ ಏನೂ ಇಲ್ಲ.

ಆದರೂ ಅವನು ಹಾಡುತ್ತಿದ್ದ. ಅದೂ ಗಟ್ಟಿಯಾಗಿ. ಕೀರ್ತನೆಗಳೆಲ್ಲ ಅವನಿಗೆ ಬಾಯಿಪಾಠ. ಪಕ್ಕದವರ ತುಟಿ ನೋಡಿ, ಯಾವ ಸಾಲು ನಡೆಯುತ್ತಿದೆ ಎಂದು ತಿಳಿದುಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದ. ಹಾಗಾಗಿ ಯಾವಾಗಲೂ ಎಲ್ಲರಿಗಿಂತ ಅರ್ಧ ಸಾಲು ಹಿಂದೆ. ರಾಗ ಅವನದೇ. ಸಭೆಯ ಹಾಡು ಮುಗಿದು ಎಲ್ಲ ನಿಶ್ಶಬ್ದವಾದಾಗ ಅವನ ದನಿ ಒಂದೇ ಉಳಿಯುತ್ತಿತ್ತು. ಕಲ್ಲುದಾರಿಯಲ್ಲಿ ಗಾಡಿ ಎಳೆದ ಹಾಗೆ ಅದು ಕೊನೆಯವರೆಗೆ ಹೋಗಿ ನಿಲ್ಲುತ್ತಿತ್ತು. ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಮುದುಕನಿಗೆ ಅದೂ ಕೇಳಿಸುತ್ತಿರಲಿಲ್ಲ.

ಸುವಾರ್ತಮ್ಮ ಸಹಿಸಿಕೊಂಡಳು. ಆದರೆ ಸಹಿಸುವುದರಲ್ಲೇ ಅವಳ ಆರಾಧನೆ ಕಳೆದುಹೋಗುತ್ತಿತ್ತು. ಹಾಡುವಾಗ ಅವಳ ಒಂದು ಕಿವಿ ಮುದುಕನ ಕಡೆಗೇ ಇರುತ್ತಿತ್ತು. ಈಗ ಶುರುಮಾಡುತ್ತಾನೆ, ಈಗ ಕೆಡಿಸುತ್ತಾನೆ ಎಂದು ಕಾಯುತ್ತಿರುತ್ತಿತ್ತು. ಬೆಳಗ್ಗೆಯೆಲ್ಲ ತುಂಬಿಸಿಕೊಂಡು ಬಂದ ಕೊಡ ಅಲ್ಲಿ ಬರಿದಾಗುತ್ತಿತ್ತು.

ಹೀಗಿರುವಾಗ ಸಭೆ ಸ್ಥಾಪನೆಯಾದ ದಿನದ ಹಬ್ಬ ಬಂತು. ಅಕ್ಕಪಕ್ಕದ ಊರುಗಳ ಸಭೆಯವರೂ ಬರುವುದಿತ್ತು. ಸುವಾರ್ತಮ್ಮ ಆ ದಿನಕ್ಕೆಂದು ಒಂದು ಸ್ತುತಿಗೀತೆಯನ್ನು ಆರಿಸಿಕೊಂಡು ಸಭೆಗೆ ಕಲಿಸಿದಳು. ಗಂಡಸರಿಗೆ ಒಂದು ದನಿ, ಹೆಂಗಸರಿಗೆ ಒಂದು ದನಿ. ಕೊನೆಯಲ್ಲಿ ಎರಡೂ ಸಣ್ಣದಾಗುತ್ತ ಒಂದೇ ಆಗಿ ನಿಲ್ಲಬೇಕು. ಬರುವವರು ಮೆಚ್ಚಲಿ ಎಂದು ಅವಳು ಕಲಿಸಲಿಲ್ಲ. ವರ್ಷಕ್ಕೆ ಒಂದು ದಿನವಾದರೂ ದೇವರ ಮುಂದೆ ಕುಂದಿಲ್ಲದ್ದನ್ನು ಇಡಬೇಕು ಎಂದು ಅವಳ ಆಸೆ.

ಹಬ್ಬದ ಹಿಂದಿನ ದಿನ ಅಭ್ಯಾಸಕ್ಕೆ ಬಾವಿತಾತನೂ ಬಂದು ಮೂಲೆಯಲ್ಲಿ ಕುಳಿತ. ಹಾಡಿನ ಕೊನೆಯಲ್ಲಿ ಎರಡು ದನಿಗಳು ಒಂದಾಗಿ ನಿಂತವು. ಅವನ ದನಿ ನಿಲ್ಲಲಿಲ್ಲ.

ಎಲ್ಲರೂ ಎದ್ದ ಮೇಲೆ ಸುವಾರ್ತಮ್ಮ ಅವನ ಹತ್ತಿರ ಹೋದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಕಿವಿಯ ಬಳಿ ಬಗ್ಗಿ, “ತಾತ, ನಾಳೆ ಒಂದು ದಿನ ನೀವು ಹಾಡಬೇಡಿ. ಸುಮ್ಮನೆ ಕೂತಿರಿ” ಎಂದಳು.

ಮುದುಕ ಅವಳ ಬೆರಳನ್ನೇ ನೋಡಿದ. “ಆಗಲಿ ತಾಯಿ” ಎಂದ.

ಮರುದಿನ ಹಾಡು ಅವಳು ಬಯಸಿದಂತೆಯೇ ಆಯಿತು. ಕೊನೆಯ ಸ್ವರ ಅಡಗಿದ ಮೇಲೆ ಒಂದು ಮೌನ ಉಳಿಯಿತು. ಅದನ್ನು ಯಾರೂ ಮುರಿಯಲಿಲ್ಲ. ಸುವಾರ್ತಮ್ಮ ಕಣ್ಣು ಮುಚ್ಚಿ, ಕರ್ತನೇ, ಇದು ನಿನಗೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ಮುಂದಿನ ಭಾನುವಾರ ಬಂತು. ಹಬ್ಬ ಮುಗಿದಿತ್ತು. ಮುದುಕ ಎಂದಿನ ಜಾಗದಲ್ಲಿ ಕುಳಿತಿದ್ದ. ಬಾಯಿ ತೆರೆಯಲಿಲ್ಲ. ‘ಬೇಡ’ ಎಂದದ್ದು ಅವನಿಗೆ ತಿಳಿದಿತ್ತು. ‘ಒಂದು ದಿನ’ ಎಂದದ್ದು ಅವನ ಕಿವಿಗೆ ಬಿದ್ದಿರಲಿಲ್ಲ.

ಸುವಾರ್ತಮ್ಮ ಅದನ್ನು ಕಂಡಳು. ಕಂಡೊಡನೆ ಅವಳಿಗೆ ಅರ್ಥವಾಯಿತು. ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳೋಣ ಎಂದುಕೊಂಡಳು. ಅಷ್ಟರಲ್ಲಿ ಹಾಡು ಶುರುವಾಯಿತು. ಹಾಡು ಹಗುರಾಗಿ, ಶುದ್ಧವಾಗಿ ಸಾಗಿತು. ಮುಂದಿನ ವಾರ ಹೇಳಿದರಾಯಿತು ಎನಿಸಿತು. ಮುಂದಿನ ವಾರವೂ ಹಾಗೆಯೇ ಎನಿಸಿತು.

ಆಮೇಲೆ ಮುದುಕನ ಜಾಗ ಖಾಲಿಯಾಯಿತು. ಮೈ ಸರಿಯಿಲ್ಲವೇನೋ ಎಂದರು ಕೆಲವರು. ದೂರದಲ್ಲಿ ಎಲ್ಲೋ ಬಾವಿ ತೋಡಲು ಹೋಗಿರಬೇಕು ಎಂದರು ಇನ್ನು ಕೆಲವರು. ಆ ಮಾತು ಅಲ್ಲಿಗೇ ನಿಂತಿತು. ಚಾಪೆಯ ಮೇಲಿನ ಆ ಜಾಗಕ್ಕೆ ಬೇರೆ ಯಾರೋ ಸರಿದು ಕುಳಿತರು.

ಈಗ ಸುವಾರ್ತಮ್ಮನಿಗೆ ಯಾವ ಅಡ್ಡಿಯೂ ಇರಲಿಲ್ಲ. ಹಾಡು ಚೆನ್ನಾಗಿತ್ತು. ಹಾಡಿನ ಕೊನೆಯ ಮೌನ ಚೆನ್ನಾಗಿತ್ತು. ಆದರೆ ಆ ಮೌನದಲ್ಲಿ ಅವಳಿಗೆ ಯಾರೂ ಸಿಗುತ್ತಿರಲಿಲ್ಲ. ನನ್ನ ಸಿದ್ಧತೆ ಸಾಲದು ಎಂದುಕೊಂಡಳು. ಶನಿವಾರವೂ ಉಪವಾಸ ಮಾಡಿದಳು. ಇನ್ನೂ ಬೇಗ ಎದ್ದಳು, ಇನ್ನೂ ಹೆಚ್ಚು ಹೊತ್ತು ಮೊಣಕಾಲೂರಿದಳು. ಮನಸ್ಸು ನೀರಿಲ್ಲದ ಕೆರೆಯ ಹಾಗೆ ಬಿರುಕುಬಿಡುತ್ತಲೇ ಹೋಯಿತು.

ಒಂದು ಭಾನುವಾರ ಕರ್ತನ ಭೋಜನದ ಆರಾಧನೆ, ಸಭೆಯವರೆಲ್ಲ ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವ ದಿನ. ಮೊದಲ ಕೀರ್ತನೆ ನಡೆಯುತ್ತಿದ್ದಾಗ ಸುವಾರ್ತಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ತಡೆದಷ್ಟೂ ಹೆಚ್ಚಾಯಿತು. ಮುಂದುವರಿಸಿ ಎಂದು ಕೈಯಲ್ಲಿ ಸನ್ನೆ ಮಾಡಿ, ಅವಳು ನೀರು ಕುಡಿಯಲು ಹೊರಗೆ ಹೋದಳು. ನೀರಿನ ಹಂಡೆ ಪ್ರಾರ್ಥನಾಲಯದ ಹಿಂದುಗಡೆ ಇತ್ತು.

ಅಲ್ಲಿ ಬಾವಿತಾತ ನಿಂತಿದ್ದ.

ಹಿಂಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಅವನು ಆ ಬಾಗಿಲಿನ ಹಲಗೆಗೆ ಎರಡೂ ಅಂಗೈ ಒತ್ತಿ, ಹಣೆಯನ್ನೂ ಹಲಗೆಗೆ ಆನಿಸಿ ನಿಂತಿದ್ದ. ಒಳಗಿನ ಹಾಡು, ಡೋಲಕ್ಕಿನ ಪೆಟ್ಟು ಹಲಗೆಯಲ್ಲಿ ಅದುರುತ್ತಿದ್ದವು. ಅದು ಅವನ ಅಂಗೈಗೆ ತಿಳಿಯುತ್ತಿತ್ತು. ತುಟಿಗಳನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದ.

ಸುವಾರ್ತಮ್ಮನ ನೆರಳು ಬಿದ್ದಾಗ ಅವನು ತಿರುಗಿ ನೋಡಿದ. ಕದಿಯುವಾಗ ಸಿಕ್ಕಿಬಿದ್ದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

“ಹಾಡಲಿಲ್ಲ ತಾಯಿ” ಎಂದ. “ನಾನು ಹಾಡಲಿಲ್ಲ.”

ಅಷ್ಟು ಹೇಳಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ಬೇಗಬೇಗ ನಡೆದುಹೋದ.

ಸುವಾರ್ತಮ್ಮ ನೀರು ಕುಡಿಯಲಿಲ್ಲ. ಒಳಗೆ ರೊಟ್ಟಿ ಮುರಿಯುವ ಹೊತ್ತಾಯಿತು. ಸಭೆಯ ಪಾದ್ರಿ ಅಯ್ಯನವರು ಒಬ್ಬೊಬ್ಬರನ್ನೇ ಮುಂದೆ ಕರೆದರು. ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತೇ ಇದ್ದಳು. ಒಳಗೆ ಹೋಗಲು ಅವಳಿಂದ ಆಗಲಿಲ್ಲ.

ಆ ವಾರ ಅವಳು ತನ್ನೊಡನೆ ತಾನೇ ವಾದ ಮಾಡಿದಳು. ನಾನು ಬಾರದಿರು ಎಂದಿರಲಿಲ್ಲವಲ್ಲ. ಒಂದು ದಿನಕ್ಕೆ ಮಾತ್ರ ಹೇಳಿದ್ದೆನಲ್ಲ. ಅದೂ ನನಗಾಗಿ ಅಲ್ಲ, ದೇವರಿಗಾಗಿ. ಪ್ರತಿಯೊಂದು ಮಾತೂ ಸರಿಯಾಗಿಯೇ ಇತ್ತು. ಆದರೆ ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ಹಲಗೆಯ ಮೇಲಿನ ಆ ಎರಡು ಅಂಗೈ ಎದುರಿಗೆ ಬರುತ್ತಿದ್ದವು. ಅವನು ಹಾಡಬಾರದು ಎಂದು ದೇವರು ನಿನಗೆ ಯಾವಾಗ ಹೇಳಿದ ಎಂದು ಕೇಳಿದಂತಾಗುತ್ತಿತ್ತು.

ಭಾನುವಾರ ಬೆಳಗ್ಗೆ ಎಂದಿನಂತೆ ಎದ್ದಳು, ಎಂದಿನ ಜಾಗದಲ್ಲಿ ಕುಳಿತಳು. ಕೀರ್ತನೆ ಎತ್ತುವ ಮೊದಲು ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ಮತ್ತೆ ಅದೇ ಅಂಗೈಗಳು. ಅವಳು ಸೆರಗು ಹೊದ್ದುಕೊಂಡು ಎದ್ದಳು. ಬಾವಿತಾತನ ಓಣಿಯ ಕಡೆಗೆ ನಡೆದಳು.

ಜನ ಆರಾಧನೆಗೆ ಹೊರಡುವ ಹೊತ್ತು. ಓಣಿಯ ಮನೆಗಳ ಬಾಗಿಲು ತೆರೆದಿದ್ದವು. ಕೆಲವರು ಪವಿತ್ರ ಗ್ರಂಥ ಹಿಡಿದು ಹೊರಗೆ ಬಂದಿದ್ದರು. ಕೆಲವರು ಮಕ್ಕಳ ತಲೆ ಬಾಚುತ್ತಿದ್ದರು. ಮುದುಕ ತನ್ನ ಮನೆಯ ಮುಂದಿನ ಚಪ್ಪಡಿಯ ಮೇಲೆ ಕುಳಿತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದು ನಿಂತ.

ಸುವಾರ್ತಮ್ಮ ಅವನ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳಿಸದ ಹಾಗೆ, “ತಾತ, ತಪ್ಪಾಯ್ತು” ಎಂದಳು.

“ಏನಮ್ಮಾ?”

“ತಪ್ಪಾಯ್ತು ತಾತ.”

“ತುಪ್ಪಾನಾ?” ಎಂದ, ಅವಳ ತುಟಿ ನೋಡುತ್ತಿದ್ದ ಮುದುಕ. ಕಿವುಡರ ಹಾಗೆ ಗಟ್ಟಿಯಾಗಿಯೇ ಹೇಳಿದ. “ನಮ್ಮನೇಲಿ ತುಪ್ಪ ಎಲ್ಲಿಂದ ಬರಬೇಕು ತಾಯಿ? ಮಜ್ಜಿಗೆ ಐತೆ, ಕೊಡ್ಲಾ?”

ಓಣಿಯಲ್ಲಿ ನಗು ಎದ್ದಿತು. ಸುವಾರ್ತಮ್ಮನಿಗೂ ನಗು ಬಂತು. ಅಲ್ಲಿಗೇ ನಕ್ಕು, ಮಜ್ಜಿಗೆ ಕುಡಿದು, ಹೊರಟುಬಿಡಬಹುದಿತ್ತು. ಬಂದದ್ದೂ ಆಯಿತು, ಹೇಳಿದ್ದೂ ಆಯಿತು, ಕೇಳಿಸದಿದ್ದರೆ ಅದು ನನ್ನ ತಪ್ಪೇ ಎಂದುಕೊಳ್ಳಬಹುದಿತ್ತು. ಕಾಲು ಆಗಲೇ ತಿರುಗಿತ್ತು.

ಅವಳು ತಿರುಗಿದ ಕಾಲನ್ನು ಮತ್ತೆ ತಂದಳು. ಮುದುಕನ ತೋಳು ಹಿಡಿದು ಚಪ್ಪಡಿಯ ಮೇಲೆ ಕೂರಿಸಿದಳು. ತಾನು ಅವನ ಕಾಲ ಬಳಿ ಮಣ್ಣಿನಲ್ಲಿ ಕುಳಿತು, ಅವನನ್ನು ತನ್ನ ಕಡೆ ಬಗ್ಗಿಸಿಕೊಂಡು, ಅವನ ಕಿವಿಗೆ ಬಾಯಿಟ್ಟು ಕೂಗಿದಳು.

“ತುಪ್ಪ ಅಲ್ಲ ತಾತ, ತಪ್ಪು! ನಂದು ತಪ್ಪು! ನಿಮ್ಮನ್ನ ಹಾಡಬೇಡಿ ಅಂದದ್ದು ತಪ್ಪು! ಒಂದೇ ದಿನ ಅಂದಿದ್ದೆ. ನೀವು ಆಮೇಲೂ ಸುಮ್ಮನಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ!”

ಹಾಡುವಾಗ ಬಿಟ್ಟರೆ ಎಂದೂ ದನಿ ಎತ್ತದವಳು ಅವಳು. ಆ ದನಿ ಈಗ ಒಡೆದು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೇಳಿಸಿತು. ನಗುತ್ತಿದ್ದವರು ಸುಮ್ಮನಾದರು. ಬಾಚಣಿಗೆ ಹಿಡಿದ ಕೈಗಳು ನಿಂತವು. ಮುದುಕ ಎಲ್ಲಿ ಹೋಗಿರಬಹುದು ಎಂದು ಮಾತಾಡಿಕೊಂಡು ಅಲ್ಲಿಗೇ ಬಿಟ್ಟವರೆಲ್ಲ ಅದೇ ಓಣಿಯವರು. ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈ ಸಲ ಮುದುಕನಿಗೆ ಕೇಳಿಸಿತ್ತು.

“ನೋವಾಯ್ತು ತಾಯಿ” ಎಂದ. “ಇಲ್ಲ ಅಂತ ಸುಳ್ಳು ಹೇಳಲ್ಲ. ಅಯ್ಯನೋರ ಪ್ರಸಂಗ ನನಗೆ ಕೇಳ್ಸಲ್ಲ. ಓದೋದು ಕೇಳ್ಸಲ್ಲ. ಎಲ್ಲಾರೂ ಆಮೆನ್ ಅಂದ ಮೇಲೆ ನಾನು ಆಮೆನ್ ಅಂತೀನಿ. ಅಲ್ಲಿ ನನ್ನದು ಅಂತ ಇದ್ದದ್ದು ಹಾಡೊಂದೇ. ನೀನು ಅದನ್ನೂ ಬೇಡ ಅಂದೆ.”

ಸುವಾರ್ತಮ್ಮ ತಲೆ ತಗ್ಗಿಸಿದಳು. ಮುದುಕ ಒರಟಾದ ಕೈಯನ್ನು ಅವಳ ತಲೆಯ ಮೇಲಿಟ್ಟ.

“ಇಷ್ಟು ಜೋರಾಗಿ ಯಾರೂ ನನ್ನ ಹತ್ರ ಮಾತಾಡಿ ಬಹಳ ಕಾಲ ಆಗಿತ್ತು” ಎಂದ. “ಏಳು. ಹೊತ್ತಾಯ್ತು.”

ಒಳಗೆ ಹೋಗಿ ಮುಖ ತೊಳೆದು, ಒಗೆದ ಪಂಚೆ ಉಟ್ಟು ಬಂದ. ಹೊಸಿಲಲ್ಲಿ ನಿಂತು ಅನುಮಾನಿಸಿದ.

“ಮತ್ತೆ ಹಿಂದೆ ಬಿದ್ರೆ?”

“ಕಾಯ್ತೀವಿ ತಾತ” ಎಂದು ಅವಳು ಅವನ ಕಿವಿಗೆ ಕೂಗಿದಳು.

ಅಂದು ಆ ಓಣಿಯ ಜನ ಮುದುಕನ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸಿಕೊಂಡು ಪ್ರಾರ್ಥನಾಲಯಕ್ಕೆ ಹೋದರು. ಹಾಗಾಗಿ ತಡವಾಯಿತು. ಸಭೆ ಇನ್ನೂ ಏಕೆ ಬರಲಿಲ್ಲ ಎಂದು ಅಯ್ಯನವರು ಬಾಗಿಲಿಗೆ ಬಂದು ನಿಂತಿದ್ದರು. ದೂರದಲ್ಲಿ ಎಲ್ಲರೂ ಒಟ್ಟಿಗೆ ಬರುವುದು ಕಂಡಿತು. ಅವರು ಏನೂ ಕೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸುವಾರ್ತಮ್ಮ ಅಂದು ಕೀರ್ತನೆಗಳನ್ನು ಹಾಡಿಕೊಂಡಿರಲಿಲ್ಲ. ಸೀರೆಗೆ ಓಣಿಯ ಮಣ್ಣು ಹತ್ತಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಅವಳು ಎದ್ದು ನಿಂತು ಹಾಡು ಎತ್ತಿದಾಗ ದನಿ ಹೊರಡಲಿಲ್ಲ. ಎರಡನೆಯ ಸಲ ಎತ್ತಿದಳು. ಗೊಗ್ಗರು ದನಿ ಬಂತು. ಸಭೆ ಅದಕ್ಕೆ ದನಿ ಸೇರಿಸಿತು.

ಬಾವಿತಾತ ಪಕ್ಕದವರ ತುಟಿ ನೋಡಿದ. ಆಮೇಲೆ ಬಾಯಿ ತೆರೆದ.

ಮೊದಲ ಸಾಲು ಮುಗಿಯಿತು. ಸುವಾರ್ತಮ್ಮ ಎರಡನೆಯ ಸಾಲು ಎತ್ತಲಿಲ್ಲ. ಸಭೆಯವರು ಅವಳ ಕಡೆ ನೋಡಿದರು. ಮುದುಕನ ದನಿ ತನ್ನದೇ ರಾಗದಲ್ಲಿ ತೆವಳಿಕೊಂಡು ಬಂದು ಸಾಲಿನ ಕೊನೆ ಮುಟ್ಟಿತು. ಆಗ ಅವಳು ಎರಡನೆಯ ಸಾಲು ಎತ್ತಿದಳು. ಅದರ ಕೊನೆಯಲ್ಲೂ ನಿಂತಳು. ಮೂರನೆಯ ಸಾಲಿನ ಕೊನೆಯಲ್ಲಿ ಎಲ್ಲರೂ ತಡೆದು ನಿಂತರು. ಡೋಲಕ್ಕಿನವನೂ ಕೈ ಎತ್ತಿ ಹಿಡಿದ. ಒಂದು ಮಗು ತಡೆಯಲಾರದೆ ನಕ್ಕಿತು. ಅದು ನಗುವುದನ್ನು ಕಂಡು ಮುದುಕನೂ ನಕ್ಕ, ನಗುತ್ತಲೇ ಹಾಡಿದ.

ಅಂದಿನ ಹಾಡು ಬಹಳ ಹೊತ್ತು ನಡೆಯಿತು. ಸಾಲಿನಿಂದ ಸಾಲಿಗೆ ಕಾಯುವಾಗ ಜನ ಹಾಡಿನ ಮಾತುಗಳನ್ನು ಮೊದಲ ಸಲ ಕೇಳಿಸಿಕೊಂಡರು. ಸುವಾರ್ತಮ್ಮನ ಕಣ್ಣು ಮುದುಕನ ಬಾಯಿಯ ಮೇಲೆಯೇ ಇತ್ತು. ಈ ಸಾಲು ಮುಗಿಸಿದನೇ, ಉಸಿರು ತೆಗೆದುಕೊಂಡನೇ ಎಂಬುದೇ ಅವಳ ಧ್ಯಾನ. ತನ್ನ ಹೃದಯ ಸಿದ್ಧವಾಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದನ್ನು ಅವಳು ಮರೆತೇಬಿಟ್ಟಿದ್ದಳು.

ಕೊನೆಯ ಸಾಲು ಮುಗಿಯಿತು. ಸಭೆಯ ದನಿ ನಿಂತಿತು. ಮುದುಕ ಒಬ್ಬನೇ ಹಾಡಿ ಮುಗಿಸಿದ. ಆಮೇಲೆ ಮೌನ ಬಂತು. ಸುವಾರ್ತಮ್ಮನಿಗೆ ಮಂಡಿಯೂರಬೇಕು ಎನಿಸಿತು. ಊರಿದಳು. ನೋಡಿದರೆ ಎಲ್ಲರೂ ಆಗಲೇ ಊರಿದ್ದರು.

ದೇವಮಿತ್ರರು ಕತೆ ಮುಗಿಸಿದರು.

ಯೋವೇಲ, “ಹಾಗಾದರೆ ಗುರುಗಳೇ, ಬಾಗಿಲು ಮುಚ್ಚಿಕೊಂಡು ಮಾಡುವ ಪ್ರಾರ್ಥನೆ ಬೇಡವೇ?” ಎಂದು ಕೇಳಿದ.

“ಬೇಕು. ಅವಳನ್ನು ಎಬ್ಬಿಸಿ ಕಳಿಸಿದ್ದು ಅದೇ ಅಲ್ಲವೇ” ಎಂದರು ದೇವಮಿತ್ರರು. ಕೋಲು ಊರಿಕೊಂಡು ಎದ್ದರು. ಒಳಗೆ ಹೋಗುವ ಮೊದಲು ಶಿಷ್ಯನ ಕಡೆ ತಿರುಗಿದರು.

“ನಾಳೆ ಭಾನುವಾರ. ನಿನ್ನ ಪ್ರಾರ್ಥನೆ ನಿನ್ನನ್ನು ಎಬ್ಬಿಸಿದರೆ, ನೀನು ಯಾರ ಬಾಗಿಲಿಗೆ ಹೋಗುತ್ತೀ, ಯೋವೇಲ?”

ಯೋವೇಲ ಬಾಯಿ ತೆರೆದ. ತಾನು ಈಗಷ್ಟೇ ದೂರಿದವರಲ್ಲಿ ಒಬ್ಬರ ಹೆಸರು ನಾಲಗೆಯ ತುದಿಗೆ ಬಂದು, ಅಲ್ಲೇ ನಿಂತಿತು.